ಅಂಕಪಟ್ಟಿ ಹೇಳದ ಮಾತು

ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದಕ್ಕೆ ನೂರಕ್ಕೆ ಮೂವತ್ತೈದು ಅಂಕಗಳು ಬೇಕೆಂದಿದ್ದ ನಿಯಮವನ್ನು ಸಡಿಲಿಸಿ, 2025-26ನೆಯ ಸಾಲಿನಿಂದ ಮೂವತ್ತಮೂರು ಸಾಕೆಂದು ಸರಕಾರದವರು 2025ನೆಯ ಇಸವಿಯ ಅಕ್ಟೋಬರಿನಲ್ಲಿ ಪ್ರಕಟಿಸಿದುದು ವಾಚಕರಿಗೆ ತಿಳಿದೇ ಇದೆ. ಒಟ್ಟು 625ರಲ್ಲಿ 206 ಬಂದರೆ ಸಾಕು. ಒಂದೊಂದು ವಿಷಯದಲ್ಲಿಯೂ ಆಂತರಿಕ ಮೌಲ್ಯಮಾಪನದ ಅಂಕಗಳು ಸೇರಿ ನೂರಕ್ಕೆ ಮೂವತ್ತಕ್ಕೆ ಕಡಮೆಯಾಗಕೂಡದು. ಹಿಂದೆ ಬೇಕಾಗಿದ್ದುದು 219. ಈ ಹದಿಮೂರು ಅಂಕಗಳನ್ನು ಕುರಿತು ನಡೆದ ವಾದವಿವಾದಗಳು ಸಾಮಾನ್ಯವಲ್ಲ. ವಿದ್ಯೆಯ ಮಟ್ಟವೇ ಕುಸಿಯಿತೆಂದು ಒಂದು ಪಕ್ಷ. ಕೇಂದ್ರ ಮಂಡಲಿಯವರು ಮೂವತ್ತಮೂರನ್ನೇ ಇಟ್ಟಿರುವಾಗ ನಮ್ಮ ಮಕ್ಕಳಿಗೆ ಮಾತ್ರ ಹೆಚ್ಚಿನ ಹೊರೆ ಏಕೆಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷದ ಮಾತಿನಲ್ಲಿ ನ್ಯಾಯವುಂಟೆಂದೇ ನಮ್ಮ ಅಭಿಪ್ರಾಯ. ಆದರೆ ಎರಡು ಪಕ್ಷದವರೂ ಕೇಳದೆ ಬಿಟ್ಟ ಪ್ರಶ್ನೆಯೊಂದುಂಟು. 206 ಅಂಕಗಳು ಬಂದ ಹುಡುಗನಿಗೆ ಬರುವುದೇನು? 205 ಬಂದ ಹುಡುಗಿಗೆ ಬಾರದಿರುವುದೇನು? ಅಂಕಪಟ್ಟಿಯನ್ನು ಎಷ್ಟು ತಿರುವಿ ನೋಡಿದರೂ ಇದಕ್ಕೆ ಉತ್ತರ ದೊರೆಯಲಾರದು.

ಅಂಕವೇ ನಿಜವಾದ ಅಳತೆಗೋಲು ಎಂದು ನಂಬಿರುವ ಮಹನೀಯರು ಕೆಲವು ವರ್ಷಗಳ ಫಲಿತಾಂಶವನ್ನು ಒಮ್ಮೆ ಎದುರಿಗಿಟ್ಟುಕೊಳ್ಳಬೇಕು. 2023ರಲ್ಲಿ ನೂರಕ್ಕೆ 83.89 ಮಂದಿ ಉತ್ತೀರ್ಣರಾದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ವೆಬ್‌ಕಾಸ್ಟಿಂಗಿನ ಮೂಲಕ ಕಾವಲು ಕಾದರು, ಫಲಿತಾಂಶವು 73.40ಕ್ಕೆ ಇಳಿಯಿತು. ಅದಾದರೂ ಹೇಗೆ? ಕೃಪಾಂಕಗಳನ್ನು ಪ್ರತಿಶತ ಹತ್ತರಿಂದ ಇಪ್ಪತ್ತಕ್ಕೆ ಏರಿಸಿ, ಆ ಕೃಪೆಗೆ ಪಾತ್ರರಾಗುವ ಅರ್ಹತೆಯನ್ನು ಮೂವತ್ತೈದರಿಂದ ಇಪ್ಪತ್ತೈದಕ್ಕೆ ಇಳಿಸಿದ ಮೇಲೆ! ಲಕ್ಷಕ್ಕೂ ಮಿಕ್ಕಿದ ಮಕ್ಕಳು ದಡ ಸೇರಿದ್ದು ಕೃಪಾಂಕದ ದೋಣಿಯಲ್ಲಿ. ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರೇ ಆಗ ಇದನ್ನು ಆಕ್ಷೇಪಿಸಿದರು. ಮರುವರ್ಷದಿಂದ ಆ ಏರ್ಪಾಡು ನಿಂತಿತು. ಒಂದೇ ವರ್ಷದ ಅಂತರದಲ್ಲಿ ನಾಡಿನ ಮಕ್ಕಳ ಬುದ್ಧಿಶಕ್ತಿಯು ಹತ್ತು ಪಾಲು ಕುಗ್ಗಿತೆಂದು ಯಾರೂ ಹೇಳಲಾರರು. ಸೇರು ಬದಲಾಯಿತು, ಅಷ್ಟೆ.

ಸೇರು ಬದಲಾಗುವುದಕ್ಕಿಂತ ದೊಡ್ಡ ದೋಷ ಬೇರೊಂದುಂಟು. ಅಕ್ಕಿ, ರಾಗಿ, ಬೇಳೆ, ಬೆಲ್ಲ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು, ತೂಕ ಹಾಕಿ, "ಇದು ನಲವತ್ತೆಂಟು" ಎಂದು ಚೀಟಿ ಅಂಟಿಸಿ ಮನೆಗೆ ಕಳುಹಿಸುವ ಅಂಗಡಿಯವನ ಬಳಿಗೆ ಯಾವ ಗೃಹಿಣಿಯೂ ಎರಡನೆಯ ಸಾರಿ ಹೋಗಲಾರಳು. ನಮ್ಮ ಪ್ರೌಢಶಾಲೆಗಳು ಮಾಡುತ್ತಿರುವುದು ಇದನ್ನೇ. ಹತ್ತನೆಯ ತರಗತಿಯ ಗಣಿತವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸಮಾಂತರ ಶ್ರೇಢಿಗಳಿವೆ, ವರ್ಗ ಸಮೀಕರಣಗಳಿವೆ, ತ್ರಿಭುಜ ವೃತ್ತಗಳಿವೆ, ತ್ರಿಕೋನಮಿತಿಯಿದೆ, ಸಂಖ್ಯಾಶಾಸ್ತ್ರವಿದೆ. ಒಬ್ಬ ಹುಡುಗಿಗೆ ರೇಖಾಗಣಿತವು ಅಂಗೈ ನೆಲ್ಲಿಕಾಯಿ, ಬೀಜಗಣಿತದಲ್ಲಿ ಸೊನ್ನೆ; ಅವಳಿಗೆ ನಲವತ್ತೆಂಟು. ಪಕ್ಕದ ಹುಡುಗನಿಗೆ ಎಲ್ಲವೂ ಅರ್ಧಂಬರ್ಧ, ಅವನಿಗೂ ನಲವತ್ತೆಂಟು. ಇವರಿಬ್ಬರಿಗೂ ಬೇಕಾದ ಪಾಠ ಒಂದೇ ಎಂದು ಹೇಳುವ ಉಪಾಧ್ಯಾಯನು ಇರಲಾರನು. ಆದರೆ ಇಬ್ಬರ ಅಂಕಪಟ್ಟಿಯೂ ಒಂದೇ.

ಪರದೇಶಗಳ ಪ್ರೌಢಶಾಲೆಗಳಲ್ಲಿ ಸ್ಟ್ಯಾಂಡರ್ಡ್ಸ್ ಬೇಸ್ಡ್ ಗ್ರೇಡಿಂಗ್ ಎಂಬ ಹೆಸರಿನಿಂದ ನಡೆಯುತ್ತಿರುವ ಕ್ರಮವು ಈ ದೋಷವನ್ನು ತಿದ್ದಲು ಹೊರಟಿರುವಂಥದು. ಹೆಸರು ದೊಡ್ಡದಾದರೂ ಸಂಗತಿ ಸರಳವಾದುದು. ವರ್ಷದಲ್ಲಿ ಒಂದು ವಿಷಯದಲ್ಲಿ ಮಗುವಿಗೆ ಬರಬೇಕಾದುದೇನು ಎಂಬುದನ್ನು ಮೊದಲೇ ಸ್ಪಷ್ಟವಾದ ವಾಕ್ಯಗಳಲ್ಲಿ ಬರೆದಿಡುವುದು: "ವರ್ಗ ಸಮೀಕರಣವನ್ನು ಬಿಡಿಸಬಲ್ಲನು", "ಓದಿದ ಗದ್ಯದ ಸಾರಾಂಶವನ್ನು ತನ್ನ ಮಾತಿನಲ್ಲಿ ಬರೆಯಬಲ್ಲಳು", ಹೀಗೆ. ಒಂದೊಂದು ವಾಕ್ಯದ ಎದುರಿಗೂ ಮಗು ಇನ್ನೂ ತೊಡಗಿದೆಯೋ, ಅರ್ಧ ದಾರಿಯಲ್ಲಿದೆಯೋ, ಸಾಧಿಸಿದೆಯೋ, ಸಾಧಿಸಿ ಮುಂದಕ್ಕೆ ಹೋಗಿದೆಯೋ ಎಂಬುದನ್ನು ಪ್ರತ್ಯೇಕವಾಗಿ ಗುರುತಿಸುವುದು. ಎಲ್ಲವನ್ನೂ ಕಲಸಿ ಒಂದು ಸಂಖ್ಯೆ ಮಾಡುವುದಿಲ್ಲ. ಪಕ್ಕದವನಿಗಿಂತ ಮೇಲೋ ಕೆಳಗೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಅಕ್ಷರ ದುಂಡಗಿದೆಯೇ, ಹೋಂವರ್ಕನ್ನು ಹೊತ್ತಿಗೆ ಸರಿಯಾಗಿ ತಂದನೇ, ಹಾಜರಿ ಎಷ್ಟು ಎಂಬುವನ್ನೂ ಬರೆಯುತ್ತಾರೆ. ಆದರೆ ಬೇರೆ ಅಂಕಣದಲ್ಲಿ. ನಡತೆಯನ್ನು ಬೀಜಗಣಿತದೊಳಕ್ಕೆ ಬೆರೆಸುವುದಿಲ್ಲ.

ಇನ್ನೊಂದು ಅಂಶವು ಇದಕ್ಕಿಂತಲೂ ಮುಖ್ಯವೆಂದು ನಮಗೆ ತೋರುತ್ತದೆ. ಒಬ್ಬ ಹುಡುಗನು ಹತ್ತು ಅಂಕಗಳ ನಾಲ್ಕು ಕಿರುಪರೀಕ್ಷೆಗಳಲ್ಲಿ ಕ್ರಮವಾಗಿ ಎರಡು, ನಾಲ್ಕು, ಏಳು, ಒಂಬತ್ತು ಪಡೆದನೆಂದು ಇಟ್ಟುಕೊಳ್ಳೋಣ. ಇನ್ನೊಬ್ಬನು ಒಂಬತ್ತು, ಏಳು, ನಾಲ್ಕು, ಎರಡು ಪಡೆದನು. ಸರಾಸರಿ ತೆಗೆಯಿರಿ: ಇಬ್ಬರಿಗೂ ಐದೂವರೆ! ಬಿದ್ದು ಎದ್ದು ನಡೆಯಲು ಕಲಿತವನಿಗೂ, ನಡೆಯುತ್ತಿದ್ದು ಬಿದ್ದವನಿಗೂ ಒಂದೇ ಬೆಲೆ. ಮೊದಲ ತಿಂಗಳಲ್ಲಿ ಬಾರದೆ ಇದ್ದುದು ಕಡೆಯ ತಿಂಗಳಲ್ಲಿ ಬಂದಿತಾದರೆ, ಬಂದಿತೆಂದು ಬರೆಯುವುದೇ ಸತ್ಯ. ಮೊದಲು ಬಾರದಿದ್ದುದರ ದಂಡವನ್ನು ಅವನಿಂದ ವರ್ಷಪೂರ್ತಿ ವಸೂಲು ಮಾಡುವುದು ಲೇವಾದೇವಿಯವರ ಲೆಕ್ಕವೇ ಹೊರತು ಗುರುಗಳ ಲೆಕ್ಕವಲ್ಲ. ಆದುದರಿಂದ ಈ ಕ್ರಮದಲ್ಲಿ ಸರಾಸರಿಯಿಲ್ಲ. ಇತ್ತೀಚಿನ ಸಾಧನೆಗೆ ಹೆಚ್ಚಿನ ಬೆಲೆ. ಬಾರದುದನ್ನು ಮತ್ತೆ ಕಲಿತು ಮತ್ತೆ ಒಪ್ಪಿಸುವುದಕ್ಕೆ ಅವಕಾಶ.

"ಒಪ್ಪಿಸುವುದು" ಎಂಬ ಮಾತನ್ನು ನಾವು ಸುಮ್ಮನೆ ಬಳಸಲಿಲ್ಲ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಈ ಹೊಸ ಕ್ರಮದಲ್ಲಿ ಹಳೆಯ ಪರಿಚಯವೊಂದು ಕಾಣಿಸುತ್ತದೆ. ನಿನ್ನೆಯ ಪಾಠವನ್ನು ಒಪ್ಪಿಸಿದ ಹೊರತು ಇಂದಿನ ಪಾಠವಿರಲಿಲ್ಲ. ಶಬ್ದರೂಪಗಳಲ್ಲಿ ನೂರಕ್ಕೆ ಅರವತ್ತೆಂಟು ಬರುತ್ತದೆಂದು ಹೇಳಿಕೊಂಡು ಮುಂದಕ್ಕೆ ಹೋದವರನ್ನು ನಾವು ಕಾಣೆವು. ಊರೂರಿನ ಕೂಲಿಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದುತ್ತಿದ್ದ ಹುಡುಗನಿಗೂ ಅದೇ ನಿಯಮ: ಮಗ್ಗಿ ಬಂದರೆ ಬಂದಿತು, ಬಾರದಿದ್ದರೆ ನಾಳೆ ಮತ್ತೆ. ಹಾಗೆಂದು ಆ ಕಾಲವನ್ನು ಹೊಗಳುತ್ತ ಕೂರುವುದು ನಮ್ಮ ಉದ್ದೇಶವಲ್ಲ. ಅಲ್ಲಿ ಬಾಯಿಪಾಠವು ಬುದ್ಧಿಗಿಂತ ಮುಂದಿತ್ತು. ಬೆತ್ತವು ಎರಡಕ್ಕಿಂತಲೂ ಮುಂದಿತ್ತು. ನಾಡಿನ ಬಹುಪಾಲು ಜಾತಿಗಳ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅದರ ಬಾಗಿಲು ಮುಚ್ಚಿತ್ತು. ಆದರೆ ಬಾಗಿಲನ್ನು ತೆರೆಯುವಾಗ, ಒಳಗಿದ್ದ ಒಂದು ಒಳ್ಳೆಯ ಪದ್ಧತಿಯನ್ನೂ ಹೊರಕ್ಕೆ ಎಸೆಯಬೇಕಾದ ಅಗತ್ಯವಿರಲಿಲ್ಲ.

ಆ ಪದ್ಧತಿಗೆ ನಮ್ಮ ನಾಡಿನಲ್ಲಿಯೇ ಹೊಸ ಜನ್ಮವೂ ಆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳ ಉಪಾಧ್ಯಾಯರು, ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ "ನಲಿ-ಕಲಿ"ಯನ್ನು ಆರಂಭಿಸಿದರು. ಅದರಲ್ಲಿ ಕಲಿಕೆಯು ಒಂದು ಏಣಿ. ಏಣಿಗೆ ಮೆಟ್ಟಿಲುಗಳು, ನಡುನಡುವೆ ಮೈಲುಗಲ್ಲುಗಳು. ಮಗು ತನ್ನ ಹೆಜ್ಜೆಯಲ್ಲಿ ಹತ್ತುತ್ತದೆ. ಜ್ವರ ಬಂದು ಹದಿನೈದು ದಿನ ಮನೆಯಲ್ಲುಳಿದರೆ, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸುತ್ತದೆ. ಮೇಷ್ಟರ ಪೂರ್ಣ ಸಹಾಯ ಬೇಕಾದವರು ಒಂದು ತಟ್ಟೆಯಲ್ಲಿ, ಸಹಪಾಠಿಯ ನೆರವು ಸಾಕಾದವರು ಇನ್ನೊಂದು ತಟ್ಟೆಯಲ್ಲಿ ಕುಳಿತುಕೊಳ್ಳುತ್ತಾರೆ. ಮುಂದೆ ಇದು ರಾಜ್ಯದ ಕನ್ನಡ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಒಂದನೆಯ ತರಗತಿಯ ಮಗುವಿಗೆ ತಾನು ಯಾವ ಮೆಟ್ಟಿಲಿನ ಮೇಲಿದ್ದೇನೆಂಬುದು ತಿಳಿದಿರುವ ನಾಡಿನಲ್ಲಿ, ಹತ್ತನೆಯ ತರಗತಿಯ ಹುಡುಗನಿಗೆ ತಿಳಿಯದು. ಇದಕ್ಕಿಂತ ವಿಚಿತ್ರವಾದ ಸಂಗತಿಯುಂಟೆ?

ಪ್ರೌಢಶಾಲೆಗಳಲ್ಲಿ ಇಂಥ ಪ್ರಯತ್ನವೇ ನಡೆಯಲಿಲ್ಲವೆಂದಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ರೂಪಣಾತ್ಮಕ, ಸಂಕಲನಾತ್ಮಕ ಎಂಬ ಮಾತುಗಳು ಶಾಲೆಗಳಿಗೆ ಬಂದುವು. ಕೇಂದ್ರ ಮಂಡಲಿಯವರಂತೂ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ಐಚ್ಛಿಕ ಮಾಡಿ, 2018ರ ಹೊತ್ತಿಗೆ ಮತ್ತೆ ಕಡ್ಡಾಯ ಮಾಡಿದರು. ಫಲವೇನಾಯಿತು? "ನಿರಂತರ" ಎಂಬುದಕ್ಕೆ ಪರೀಕ್ಷೆಗಳ ಸಂಖ್ಯೆಯನ್ನು ಹೆಚ್ಚಿಸುವುದೆಂದು ಅರ್ಥಮಾಡಿದರು. "ವ್ಯಾಪಕ" ಎಂಬುದಕ್ಕೆ ದಾಖಲೆಪುಸ್ತಕಗಳನ್ನು ದಪ್ಪ ಮಾಡುವುದೆಂದು ಅರ್ಥಮಾಡಿದರು. ಪ್ರಾಜೆಕ್ಟ್ ಎಂಬುದು ಶಾಲೆಯ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ವಸ್ತುವಾಯಿತು. ಆಂತರಿಕ ಮೌಲ್ಯಮಾಪನದ ಇಪ್ಪತ್ತು ಅಂಕಗಳನ್ನು ಎಷ್ಟೋ ಕಡೆ ಪ್ರಸಾದದಂತೆ ಹಂಚುತ್ತಾರೆಂಬುದನ್ನು ಉಪಾಧ್ಯಾಯರೇ ಬಲ್ಲರು. ಅಂಕದ ಬದಲಿಗೆ ಅಕ್ಷರ ಬಂದಿತು, ನಿಜ. ತೊಂಬತ್ತರ ಮೇಲೆ ಎ ಪ್ಲಸ್, ಎಂಬತ್ತರ ಮೇಲೆ ಎ, ಎಪ್ಪತ್ತರ ಮೇಲೆ ಬಿ ಪ್ಲಸ್: ಹಳೆಯ ಅಂಕಕ್ಕೆ ಹೊಸ ಅಂಗಿ ತೊಡಿಸಿದಂತಾಯಿತು. ಕೇಂದ್ರ ಮಂಡಲಿಯ ಅಕ್ಷರವೋ ಇನ್ನೂ ವಿಚಿತ್ರ. ಉತ್ತೀರ್ಣರಾದವರನ್ನು ಸಾಲಾಗಿ ನಿಲ್ಲಿಸಿ, ಮೊದಲ ಎಂಟನೆಯ ಒಂದು ಪಾಲಿಗೆ ಎ ಒಂದು, ಮುಂದಿನ ಪಾಲಿಗೆ ಎ ಎರಡು, ಹೀಗೆ ಹಂಚುತ್ತಾರೆ. ಆ ಅಕ್ಷರವು ಮಗುವಿನ ಕಲಿಕೆಯನ್ನು ಹೇಳುವುದಿಲ್ಲ; ಮಗುವಿನ ನೆರೆಹೊರೆಯನ್ನು ಹೇಳುತ್ತದೆ.

ಈ ವಿಷಯವನ್ನು ನಾವು ಬೆಂಗಳೂರಿನ ದಕ್ಷಿಣ ಭಾಗದಲ್ಲಿ ನಿಂತು ನೋಡಿದರೆ ಅದರ ಅನ್ಯಾಯವು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಸರಕಾರಿ ಪ್ರೌಢಶಾಲೆ, ಅನುದಾನಿತ ಶಾಲೆ, ಸಿ.ಬಿ.ಎಸ್.ಇ., ಐ.ಸಿ.ಎಸ್.ಇ. ಎಲ್ಲವೂ ಒಂದೆರಡು ಮೈಲಿಯ ಒಳಗೆ ಇವೆ. ಅಲ್ಲಿಂದ ಇನ್ನೂ ಹೊರಕ್ಕೆ, ಬನ್ನೇರುಘಟ್ಟ ರಸ್ತೆ ಕನಕಪುರ ರಸ್ತೆಗಳ ಕಡೆ ಹೊರಟರೆ ಅಂತಾರಾಷ್ಟ್ರೀಯ ಶಾಲೆಗಳು. ಐ.ಬಿ. ಎಂಬ ಪಠ್ಯಕ್ರಮದ ನಡುವಣ ಹಂತದಲ್ಲಿ ಒಂದೊಂದು ವಿಷಯಕ್ಕೂ ನಾಲ್ಕು ಮಾನದಂಡಗಳುಂಟು. ಗಣಿತಕ್ಕೆ ಅರಿವು, ವಿನ್ಯಾಸಗಳ ಅನ್ವೇಷಣೆ, ನಿರೂಪಣೆ, ಲೋಕವ್ಯವಹಾರದಲ್ಲಿ ಅನ್ವಯ, ಒಂದೊಂದಕ್ಕೂ ಎಂಟು. ಯಾವ ಮಟ್ಟಕ್ಕೆ ಏನು ಮಾಡಬಲ್ಲವನಾಗಿರಬೇಕೆಂಬುದನ್ನು ವಾಕ್ಯಗಳಲ್ಲಿ ಬರೆದಿರುತ್ತಾರೆ. ಉಪಾಧ್ಯಾಯರು ಸರಾಸರಿ ತೆಗೆಯದೆ, ವರ್ಷದ ಕಡೆಗೆ ಮಗುವಿಗೆ ಯಾವ ವಾಕ್ಯವು ಹೊಂದುತ್ತದೆಂದು ತೀರ್ಮಾನಿಸುತ್ತಾರೆ. ನಾಲ್ಕೂ ಸೇರಿ ಮೂವತ್ತೆರಡು. ಅದನ್ನು ಒಂದರಿಂದ ಏಳರ ಶ್ರೇಣಿಗೆ ಇಳಿಸುತ್ತಾರೆ. ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕೊಡಬಲ್ಲವರ ಮಗುವಿಗೆ ತನಗೆ ಏನು ಬರುತ್ತದೆ, ಏನು ಬಾರದು ಎಂಬುದು ಕಾಗದದ ಮೇಲೆ ದೊರೆಯುತ್ತದೆ. ಆ ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿಯ ಮಗಳಿಗೆ ದೊರೆಯುವುದು "ಗಣಿತ: ಅನುತ್ತೀರ್ಣ" ಎಂಬ ಎರಡು ಪದಗಳು ಮಾತ್ರ. ಹಣವಂತರ ಮಕ್ಕಳಿಗೆ ಟ್ಯೂಷನ್ ಇದೆ, ಓದಿದ ತಂದೆತಾಯಿಗಳಿದ್ದಾರೆ. ಅಂಕಪಟ್ಟಿ ಮಾತಾಡದಿದ್ದರೂ ಅವರ ಕೆಲಸ ನಡೆದೀತು. ಯಾರಿಗೆ ಆ ಕಾಗದವನ್ನು ಬಿಟ್ಟು ಬೇರೆ ಹೇಳುವವರಿಲ್ಲವೋ ಅವರ ಕಾಗದವೇ ಮೂಕವಾಗಿದೆ.

ಮೇಲಾಗಿ ಈ ಭಾಗದ ಸರಕಾರಿ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಕಟ್ಟಡದ ಕೆಲಸಕ್ಕೆಂದು ರಾಯಚೂರು, ಕಲಬುರಗಿ, ಯಾದಗಿರಿಗಳ ಕಡೆಯಿಂದ ಗುಳೆ ಬಂದವರ ಮಕ್ಕಳು. ನಡುವರ್ಷದಲ್ಲಿ ಬರುತ್ತಾರೆ, ಒಂದು ಕಟ್ಟಡ ಮುಗಿದರೆ ಇನ್ನೊಂದು ಬಡಾವಣೆಗೆ ಹೋಗುತ್ತಾರೆ. ಅವರ ಕೈಯಲ್ಲಿರುವ ವರ್ಗಾವಣೆ ಪತ್ರವು ಹುಟ್ಟಿದ ದಿನವನ್ನು ಹೇಳುತ್ತದೆ, ಜಾತಿಯನ್ನು ಹೇಳುತ್ತದೆ, ಬಿಟ್ಟ ತರಗತಿಯನ್ನು ಹೇಳುತ್ತದೆ. ಭಿನ್ನರಾಶಿ ಬರುತ್ತದೆಯೇ, ಒಂದು ಪುಟವನ್ನು ತಡವರಿಸದೆ ಓದಬಲ್ಲನೇ ಎಂಬುದನ್ನು ಹೇಳುವುದಿಲ್ಲ. ಹೊಸ ಮೇಷ್ಟರು ಎಲ್ಲಿಂದ ಆರಂಭಿಸಬೇಕು? ಹಿಂದಿನ ಬೆಂಚಿನಿಂದ, ಎಂಬುದೇ ಸಾಮಾನ್ಯವಾಗಿ ದೊರೆಯುವ ಉತ್ತರ.

ಅಂಕವನ್ನು ತೆಗೆದುಹಾಕಿರೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ನಡೆಸುವುದು ಅಸಾಧ್ಯ. ಪಾಲಿಟೆಕ್ನಿಕ್ ಪ್ರವೇಶಕ್ಕೆ ಎಸ್.ಎಸ್.ಎಲ್.ಸಿ. ಅಂಕ ಬೇಕು, ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ಆಯ್ಕೆಗೆ ಹತ್ತನೆಯ ತರಗತಿಯ ಅಂಕವೇ ಆಧಾರ, ಪದವಿಪೂರ್ವ ಕಾಲೇಜುಗಳ ಕಟ್-ಆಫ್ ಪಟ್ಟಿಯ ಮುಂದೆ ನಿಂತು ಬೆವರುವ ತಂದೆತಾಯಿಗಳಿಗೆ ಕಲಿಕಾಫಲದ ಮಾತು ಪುರಾಣಶ್ರವಣದಂತೆ ಕೇಳೀತು. ಸ್ಥಾನಗಳು ಕೆಲವು, ಬಯಸುವವರು ಹಲವರು ಎಂದಾಗ ಸಾಲು ನಿಲ್ಲಿಸಲೇಬೇಕು. ನಿಲ್ಲಿಸಲಿ. ಆದರೆ ಸಾಲು ನಿಲ್ಲಿಸುವ ಕೆಲಸ ಬೇರೆ, ಕಲಿಸುವ ಕೆಲಸ ಬೇರೆ. ಮೊದಲನೆಯದಕ್ಕಾಗಿ ಇಟ್ಟ ಸಂಖ್ಯೆಯು ಎರಡನೆಯದಕ್ಕೆ ಸಾಲದೆಂಬುದಷ್ಟೆ ನಮ್ಮ ವಾದ.

ಉಪಾಧ್ಯಾಯರ ಕಷ್ಟವು ಇದಕ್ಕಿಂತ ಗುರುತರವಾದ ಆಕ್ಷೇಪ. ಅರವತ್ತು ಮಕ್ಕಳ ತರಗತಿಯಲ್ಲಿ ನಲವತ್ತು ವಾಕ್ಯಗಳ ಪಟ್ಟಿಯನ್ನು ಕೊಟ್ಟರೆ ಒಂದು ಸಾರಿಗೆ ಎರಡು ಸಾವಿರದ ನಾನೂರು ಗುರುತುಗಳು! ಹಿಂದಿನ ಪ್ರಯತ್ನ ಬಿದ್ದುದು ಇಂಥ ಭಾರದಿಂದಲೇ. ಅದರ ಮೇಲೆ ಚುನಾವಣೆ, ಗಣತಿ, ಸಮೀಕ್ಷೆ. 2025ರ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಉಪಾಧ್ಯಾಯರನ್ನು ಮನೆಮನೆಗೆ ಕಳುಹಿಸಿ, ದಸರಾ ರಜೆಯನ್ನೇ ಅಕ್ಟೋಬರ್ 18ರ ವರೆಗೆ ಮುಂದೂಡಬೇಕಾಯಿತು. ನಾಡಿನ ಮನೆಗಳನ್ನೆಲ್ಲ ಎಣಿಸುವ ಮೇಷ್ಟರಿಗೆ ತನ್ನ ತರಗತಿಯ ಮಕ್ಕಳು ಎಲ್ಲಿದ್ದಾರೆಂದು ನೋಡುವುದಕ್ಕೆ ಪುರುಸೊತ್ತೆಲ್ಲಿ? ಆದುದರಿಂದ ಪಟ್ಟಿ ಚಿಕ್ಕದಾಗಿರಬೇಕು. ಒಂದು ವಿಷಯಕ್ಕೆ ಎಂಟು ವಾಕ್ಯಗಳು ಸಾಕು. ಹತ್ತಕ್ಕೆ ಮೀರಿದರೆ ಅದು ಕಲಿಕೆಯ ಪಟ್ಟಿಯಲ್ಲ, ಇಲಾಖೆಯ ರಿಜಿಸ್ಟರು.

ಪರೀಕ್ಷಾ ಮಂಡಲಿಯವರ ವಿಷಯದಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 2023-24ನೆಯ ಸಾಲಿನಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ಇಟ್ಟು, ಮೂರರಲ್ಲಿ ಉತ್ತಮವಾದುದನ್ನು ಉಳಿಸಿಕೊಳ್ಳಬಹುದೆಂದು ಅವರು ಮಾಡಿದ್ದ ಏರ್ಪಾಡು ಸ್ತುತ್ಯವಾದುದು. ಪೂರಕ ಪರೀಕ್ಷೆ ಎಂಬ ಕಳಂಕದ ಹೆಸರೂ ಅದರಿಂದ ಹೋಯಿತು. ಬಾರದುದನ್ನು ಕಲಿತು ಮತ್ತೆ ಒಪ್ಪಿಸುವ ಅವಕಾಶವೆಂದರೆ ಇದೇ. ಆದರೆ ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಕೆಲವೇ ವಾರಗಳು. ಆ ವಾರಗಳಲ್ಲಿ ಮಗು ಏನನ್ನು ಓದಬೇಕು? ಎಲ್ಲವನ್ನೂ! ಹತ್ತು ತಿಂಗಳಲ್ಲಿ ಬಾರದುದನ್ನು ಮೂರು ವಾರಗಳಲ್ಲಿ ಮೊದಲಿನಿಂದ ಕಡೆಯ ವರೆಗೆ ಓದೆಂದು ಹೇಳುವುದು, ಕಳೆದುಹೋದ ಕಾಸನ್ನು ಹುಡುಕಲು ಊರನ್ನೆಲ್ಲ ಗುಡಿಸೆಂದು ಹೇಳಿದಂತೆ.

ಕಾಸು ಎಲ್ಲಿ ಬಿದ್ದಿತೆಂಬುದು ಮಂಡಲಿಯವರಿಗೆ ತಿಳಿಯದ ವಿಷಯವೂ ಅಲ್ಲ. ಪ್ರಶ್ನೆಪತ್ರಿಕೆಗೆ ನೀಲನಕ್ಷೆಯೊಂದುಂಟು. ಯಾವ ಪ್ರಶ್ನೆ ಯಾವ ಘಟಕದ್ದು, ಅದು ಜ್ಞಾನವನ್ನು ಪರೀಕ್ಷಿಸುತ್ತದೆಯೋ, ತಿಳಿವಳಿಕೆಯನ್ನೋ, ಅನ್ವಯವನ್ನೋ, ಕೌಶಲವನ್ನೋ ಎಂಬುದೆಲ್ಲ ಅದರಲ್ಲಿ ನಿಗದಿಯಾಗಿರುತ್ತದೆ. ಮೌಲ್ಯಮಾಪನ ಕೇಂದ್ರದಲ್ಲಿ ಉಪಾಧ್ಯಾಯರು ಪ್ರಶ್ನೆಪ್ರಶ್ನೆಗೂ ಅಂಕವನ್ನು ಉತ್ತರಪತ್ರಿಕೆಯ ಮೇಲೆ ಬರೆಯುತ್ತಾರೆ. ಈ ಮಗುವಿಗೆ ತ್ರಿಕೋನಮಿತಿ ಬಾರದು, ಸಂಖ್ಯಾಶಾಸ್ತ್ರ ಚೆನ್ನಾಗಿ ಬರುತ್ತದೆ ಎಂಬ ಸಂಗತಿಯು ಆ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಇದೆ. ಕೂಡಿ ಮೊತ್ತ ಮಾಡಿದ ಕ್ಷಣದಲ್ಲಿ ಅದು ಅಳಿಸಿಹೋಗುತ್ತದೆ. ಅಂಕಪಟ್ಟಿಗೆ ಮೊತ್ತ ಮಾತ್ರ ಬರುತ್ತದೆ. ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯನ್ನು ತರಿಸಿಕೊಂಡವರಿಗೆ ಅದು ಕಾಣುತ್ತದೆ. ಅವರೂ ಅದನ್ನು ತರಿಸಿಕೊಳ್ಳುವುದು ಒಂದೆರಡು ಅಂಕ ಹೆಚ್ಚೀತೇ ಎಂದು ನೋಡುವುದಕ್ಕೇ ಹೊರತು ಕಲಿಯುವುದಕ್ಕಲ್ಲ. 2022ರಲ್ಲಿ ಮಂಡಲಿಯ ಹೆಸರನ್ನು ಬದಲಾಯಿಸಿ "ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ" ಎಂದು ಇಟ್ಟರಷ್ಟೆ. ಮೌಲ್ಯನಿರ್ಣಯವು ಹೆಸರಿನಿಂದ ಅಂಕಪಟ್ಟಿಗೆ ಇಳಿದು ಬರಲು ಹೆಚ್ಚಿನ ವೆಚ್ಚವೇನೂ ಆಗದು.

ನಮ್ಮ ಸೂಚನೆ ಇಷ್ಟು. ಮೊದಲ ಪರೀಕ್ಷೆಯ ಫಲಿತಾಂಶದ ದಿನ, ಅನುತ್ತೀರ್ಣರಾದ ಒಬ್ಬೊಬ್ಬ ವಿದ್ಯಾರ್ಥಿಗೂ ಅಂಕದ ಜೊತೆಯಲ್ಲಿ ಒಂದು ಅರ್ಧ ಪುಟದ ಚೀಟಿಯನ್ನು ಕೊಡಲಿ: ಈ ಘಟಕಗಳು ಬಂದಿವೆ, ಇವು ಅರ್ಧ ಬಂದಿವೆ, ಇವು ಬಂದಿಲ್ಲ. ಕೈಗೆ ಚೀಟಿ ಬಂದ ಮರುದಿನವೇ ಶಾಲೆಯಲ್ಲಿ ಬಾರದ ಘಟಕಗಳ ಪಾಠ ಆರಂಭವಾಗಲಿ. ಚೀಟಿಯ ಭಾಷೆ ಮನೆಯವರಿಗೆ ಅರ್ಥವಾಗುವ ಕನ್ನಡವಾಗಿರಲಿ. "ಸಂಜ್ಞಾನಾತ್ಮಕ ಸಾಮರ್ಥ್ಯ"ದಂಥ ಮಾತುಗಳನ್ನು ತಾಯಿಯ ಮುಂದೆ ಓದಿದರೆ ಮಗನಿಗೆ ಕಾಯಿಲೆಯಾಗಿದೆಯೆಂದು ಆಕೆ ಗಾಬರಿಯಾದಾಳು. ಉರ್ದು, ತಮಿಳು, ತೆಲುಗು ಶಾಲೆಗಳಲ್ಲಿ ಆಯಾ ಭಾಷೆಯಲ್ಲಿರಲಿ.

ಇದರ ಜೊತೆಗೆ, ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆಯ ಹತ್ತು ಸರಕಾರಿ ಪ್ರೌಢಶಾಲೆಗಳನ್ನು ಆರಿಸಿಕೊಂಡು, ಎಂಟನೆಯ ತರಗತಿಯಲ್ಲಿ, ಗಣಿತವೊಂದರಲ್ಲಿಯೇ, ಎಂಟು ವಾಕ್ಯಗಳ ಪಟ್ಟಿಯಿಂದ ಈ ಕ್ರಮವನ್ನು ಆರಂಭಿಸಬಹುದು. ವರ್ಷಕ್ಕೆ ಮೂರು ಸಾರಿ ಗುರುತು ಹಾಕಿದರೆ ಅರವತ್ತು ಮಕ್ಕಳಿಗೆ ಸಾವಿರದ ನಾನೂರ ನಲವತ್ತು ಗುರುತುಗಳಾಗುತ್ತವೆ, ತಿಂಗಳಿಗೆ ಸುಮಾರು ನೂರೈವತ್ತು. ಅದಕ್ಕೆ ಬದಲಾಗಿ ಆ ಉಪಾಧ್ಯಾಯರನ್ನು ಅದೇ ವಿಷಯದ ಬೇರೆ ದಾಖಲೆಗಳಿಂದಲೂ, ಆ ವರ್ಷದ ಸಮೀಕ್ಷೆಯ ಕೆಲಸದಿಂದಲೂ ಬಿಡುಗಡೆ ಮಾಡತಕ್ಕದ್ದು. ಪಟ್ಟಿಯ ಒಂದು ಪ್ರತಿ ಮನೆಗೆ, ಒಂದು ಪ್ರತಿ ವರ್ಗಾವಣೆ ಪತ್ರದೊಡನೆ. ಹೆಗ್ಗಡದೇವನಕೋಟೆಯಲ್ಲಿ ಆರಂಭ ಮಾಡಿದವರೂ ಒಂದು ತಾಲ್ಲೂಕಿನ ಮೇಷ್ಟರುಗಳೇ. ಜೂನ್ ತಿಂಗಳಿನಲ್ಲಿ ಶಾಲೆಗಳ ಬಾಗಿಲು ತೆರೆಯುವುದರೊಳಗೆ ಆ ಎಂಟು ವಾಕ್ಯಗಳನ್ನು ಬರೆಯುವುದಕ್ಕೆ ನಾಲ್ಕು ಮಂದಿ ಗಣಿತದ ಉಪಾಧ್ಯಾಯರು, ಒಂದು ವಾರ, ಒಂದು ಕೊಠಡಿ ಇಷ್ಟಿದ್ದರೆ ಸಾಕು.